ಮಗಳ ಅಳತೆ ಕಾಗದ

ನನ್ನ ಅಂಗಡಿಯ ಹಿಂದಿನ ಗೋಡೆಗೆ ನೂರಾ ಹದಿನಾಲ್ಕು ಮೊಳೆ ಹೊಡೆದಿದ್ದೇನೆ. ಒಂದೊಂದು ಮೊಳೆಗೂ ಒಬ್ಬೊಬ್ಬ ಹೆಂಗಸು. ಹೆಂಗಸು ಎಂದರೆ ಅವಳ ಅಳತೆಗೆ ಕತ್ತರಿಸಿದ ಕಂದು ಕಾಗದ. ಮುಂಭಾಗ, ಬೆನ್ನು, ತೋಳು, ಕಾಲರು, ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ನೇತುಹಾಕಿರುತ್ತೇನೆ. ಕಾಗದದ ಮೇಲೆ ಹೆಸರು ಬರೆಯುವುದಿಲ್ಲ. ಯಾರ ಎದೆ ಎಷ್ಟಿಂಚು, ಯಾರ ಸೊಂಟ ಎಷ್ಟಿಂಚು ಎಂದು ಬಂದವರೆಲ್ಲ ಓದುವಂತಾದರೆ ಅಂಗಡಿಯಲ್ಲಿ ನಾನು ಮತ್ತು ನೊಣ ಮಾತ್ರ ಉಳಿಯುತ್ತೇವೆ. ಅದಕ್ಕೇ ಹೆಸರಿನ ಬದಲು ಗುರುತು. ಸಂಗೀತದ ಟೀಚರಿಗೆ ಗಂಟೆ, ಸದಾ ತಡವಾಗಿ ಬರುವ ವಕೀಲೆಗೆ ಆಮೆ, ಹೊಲಿದು ಕೊಟ್ಟದ್ದನ್ನು ಮೂರು ಮೂರು ಸಲ ವಾಪಸು ತರುವ ಮಹಾತಾಯಿಗೆ ಗಡಿಯಾರದ ಲೋಲಕ. ನನ್ನ ಮಗಳ ಕಾಗದದ ಮೇಲೆ ಒಂದು ಗುಂಡುಸೂಜಿ.

ಗುಂಡುಸೂಜಿ ಎಂದು ಕರೆದದ್ದು ಅವಳಪ್ಪ. ಹನ್ನೊಂದು ವರ್ಷದ ತನಕ ಅವಳು ಹಾಗೇ ಇದ್ದಳು. ಪುಟ್ಟ ತಲೆ, ಕಡ್ಡಿಯಂಥ ಮೈ, ಚುಚ್ಚುವ ಮಾತು. ಒಂದು ಕಡೆ ನಿಂತವಳಲ್ಲ. ಶಾಲೆಯಿಂದ ಮನೆಗೆ ನಡೆದು ಬಂದದ್ದನ್ನು ನಾನು ನೋಡಿಯೇ ಇಲ್ಲ, ಓಡಿಯೇ ಬರುತ್ತಿದ್ದಳು. ಅವಳಪ್ಪ ತೀರಿಕೊಂಡ ವರ್ಷವೇ ಅವಳ ಮೈ ಬೆಳೆಯತೊಡಗಿತು. ಹದಿಮೂರಕ್ಕೆಲ್ಲ ಎದೆಯ ಭಾರ ಅವಳನ್ನು ಮುಂದಕ್ಕೆ ಬಾಗಿಸಿತ್ತು. ನನ್ನ ಮೈಕಟ್ಟೇ ಅದು, ನನ್ನಮ್ಮನದೂ ಅದೇ. ಆದರೆ ಅವಳಷ್ಟು ನಾವಿಬ್ಬರೂ ಇರಲಿಲ್ಲ.

ನನಗೆ ಕೆಲಸ ಕಲಿಸಿದಾಕೆ ಒಂದು ಕಟ್ಟಳೆ ಹಾಕಿಕೊಟ್ಟಿದ್ದಳು. ಹೆಂಗಸರ ಮೈ ಒಂದೇ ತೆರನಾಗಿರುವುದಿಲ್ಲ. ಬಸಿರು, ಬಾಣಂತನ, ಕಾಯಿಲೆ, ದುಃಖ, ಎಲ್ಲವೂ ಟೇಪಿಗೆ ಗೊತ್ತಾಗುತ್ತದೆ. ಹೊಸ ಅಳತೆ ತೆಗೆದ ದಿನ ಹಳೇ ಕಾಗದವನ್ನು ಗಿರಾಕಿಯ ಎದುರಿಗೇ ಹರಿಯಬೇಕು, ಒಂದು ಮೊಳೆಗೆ ಎರಡು ಕಾಗದ ಇರಕೂಡದು. ಆದರೆ ಹೊಸದು ತೆಗೆಯುವ ತನಕ ಹಳೆಯದನ್ನು ಮುಟ್ಟುವಂತಿಲ್ಲ. ಅವಳು ಬಂದು ನಿಂತು ಕೈ ಎತ್ತಿ ಅಳತೆ ಕೊಡುವ ತನಕ ಅದೇ ಅವಳ ಮೈ. ನಲವತ್ತೊಂದು ವರ್ಷದಲ್ಲಿ ನಾನು ಇದನ್ನು ಒಮ್ಮೆಯೂ ಮೀರಿಲ್ಲ. ಮೀರದೇ ಇದ್ದದ್ದಕ್ಕೇ ಕೆಟ್ಟೆನೋ ಏನೋ.

ಮಗಳಿಗೆ ಹದಿಮೂರಾದಾಗ ಅವಳ ಆಟದ ಮೇಷ್ಟ್ರು ಮನೆಗೆ ಬಂದು, ಓಟದಲ್ಲಿ ಇಡೀ ಶಾಲೆಗೇ ಮೊದಲು ಬರುವ ಹುಡುಗಿ ಇದ್ದಕ್ಕಿದ್ದಂತೆ ಮೈದಾನಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ, ಯಾಕೆ ಎಂದು ಕೇಳಿದರು. ಅವಳಿಗೆ ಓದು ಜಾಸ್ತಿಯಾಗಿದೆ ಎಂದೆ. ಓಟ ಬೇಡ ಎಂದವಳು ನಾನು. ಮೈದಾನದ ಬೇಲಿಯಾಚೆ ನಿಂತು ಹುಡುಗರು ನೋಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ನೋಡುವ ಕಣ್ಣುಗಳನ್ನು ಬೈಯುವ ಬದಲು ಓಡುವ ಕಾಲುಗಳನ್ನು ಮನೆಯಲ್ಲಿ ಕೂರಿಸಿದೆ.

ಆಮೇಲೆ ನನ್ನ ಕೈಚಳಕವನ್ನೆಲ್ಲ ಅವಳ ಮೇಲೆ ಸುರಿದೆ. ಅಂಗಡಿಯಲ್ಲಿ ಸಿಗುವ ಬಾಡಿಗಳು ಅವಳಿಗೆ ಆಗುತ್ತಿರಲಿಲ್ಲ. ಮೂರು ಪದರದ ಬಟ್ಟೆ ಇಟ್ಟು, ಒಳಗೆ ಕ್ಯಾನ್ವಾಸು ಕೊಟ್ಟು, ಎದೆಯನ್ನು ಒತ್ತಿ ಹಿಡಿಯುವಂಥ ಬಾಡಿ ಹೊಲಿದೆ. ಭುಜದ ಪಟ್ಟಿ ಅರ್ಧ ಇಂಚು. ಅದಕ್ಕಿಂತ ಅಗಲವಾದರೆ ಕಾಲರಿನ ಪಕ್ಕದಲ್ಲಿ ಇಣುಕುತ್ತದೆ. ಮೇಲಂಗಿಯ ಎದೆಯ ಮೇಲೆ ಎರಡು ಉದ್ದ ನೆರಿಗೆ ಬಿಟ್ಟು, ಕಣ್ಣು ಅಲ್ಲಿ ನಿಲ್ಲದೆ ಕೆಳಕ್ಕೆ ಜಾರುವಂತೆ ಮಾಡಿದೆ. ಬೀದಿಯ ಹೆಂಗಸರು ಬೆರಗಾದರು. ನಿನ್ನ ಮಗಳದ್ದು ಗೊತ್ತೇ ಆಗುವುದಿಲ್ಲವಲ್ಲ ಎಂದರು. ಆ ಮಾತು ಕೇಳಿದ ದಿನ ನಾನು ಎರಡು ಗೇಣು ಎತ್ತರವಾಗಿದ್ದೆ. ಗೊತ್ತಾಗದೇ ಇದ್ದದ್ದು ಬೀದಿಗೆ, ಹೊರುತ್ತಿದ್ದವಳಿಗಲ್ಲ.

ಹತ್ತೊಂಬತ್ತರಲ್ಲಿ ಬೆನ್ನುನೋವೆಂದು ಡಾಕ್ಟರ ಹತ್ತಿರ ಹೋಗಿ ಬಂದಳು. ನಾನು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದೆ. ಮೇಜಿನ ಆಚೆ ಬದಿಗೆ ನಿಂತು, ಭಾರ ಕಡಿಮೆ ಮಾಡುವ ಆಪರೇಷನ್ ಇದೆಯಂತೆ, ಡಾಕ್ಟರು ಚೀಟಿ ಬರೆದುಕೊಡುತ್ತಾರಂತೆ, ಮಾಡಿಸಿಕೊಳ್ಳಲೇ ಎಂದು ಕೇಳಿದಳು. ಕೇಳುವಾಗ ಅವಳ ಮುಖ ಹೇಗಿತ್ತೆಂದು ನಾನು ನೋಡಲಿಲ್ಲ. ಕಾಲರು ಸುಟ್ಟೀತೆಂದು ಕಾಲರನ್ನೇ ನೋಡುತ್ತಿದ್ದೆ.

"ನಾಳೆ ಮಗು ಆದ್ರೆ ಅದಕ್ಕೆ ಏನು ಕುಡಿಸ್ತೀಯ?" ಎಂದೆ.

ನಾನು ಮುಂದುವರಿಸಿದೆ. ದೇವರು ಕೊಟ್ಟ ಮೈಗೆ ಕತ್ತರಿ ಹಾಕಿಸಿಕೊಳ್ಳುತ್ತಾರೆಯೇ, ಗಾಯದ ಗುರುತು ಕಂಡವನು ಏನೆಂದಾನು, ನಾನಿಲ್ಲವೇ, ನನ್ನಮ್ಮ ಇರಲಿಲ್ಲವೇ, ನಾವು ಹೊರಲಿಲ್ಲವೇ. ದಿನವಿಡೀ ಕತ್ತರಿ ಹಿಡಿದು ಕೂರುವವಳು ಕತ್ತರಿಯ ಬಗ್ಗೆ ಹೀಗೆ ಮಾತಾಡಿದೆ. ಇಪ್ಪತ್ತೇಳರಲ್ಲಿ ಇನ್ನೊಮ್ಮೆ ಕೇಳಿದಳು. ಆಗಲೂ ಕಡ್ಡಿ ಮುರಿದಂತೆ ಬೇಡ ಎಂದೆ. ಹಾಗಾದರೆ ಪಟ್ಟಿಯನ್ನಾದರೂ ಎರಡಿಂಚು ಅಗಲ ಮಾಡು, ಭುಜ ಕೊಯ್ದ ಹಾಗಾಗುತ್ತದೆ ಎಂದಳು. ಕತ್ತಿನ ಹತ್ತಿರ ಕಾಣುತ್ತದೆ, ಚೆನ್ನಾಗಿರುವುದಿಲ್ಲ ಎಂದೆ. ಎರಡಿಂಚು ಬಟ್ಟೆ. ನನ್ನ ಕಾಲ ಕೆಳಗಿನ ಚಿಂದಿಯಲ್ಲಿ ದಿನಕ್ಕೆ ಅಂಥ ಇಪ್ಪತ್ತು ತುಂಡು ಬಿದ್ದಿರುತ್ತವೆ.

ಅವಳು ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಬಾಯಿಯ ಅಚ್ಚು ಬರುತ್ತದೆ, ಅದಕ್ಕೆ ಮೇಣದಲ್ಲಿ ಹಲ್ಲು ಜೋಡಿಸಿ ಕಟ್ಟು ಹಲ್ಲು ಮಾಡಿಕೊಡಬೇಕು. ದಿನಕ್ಕೆ ಎಂಟು ಗಂಟೆ ಬಗ್ಗಿ ಕೂರುವ ಕೆಲಸ. ನನ್ನ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ಮುದುಕಿಯೊಬ್ಬಳಿದ್ದಾಳೆ, ಎಲ್ಲರೂ ಕಾಜದಕ್ಕ ಎನ್ನುತ್ತಾರೆ. ಅವಳ ಬಾಯಲ್ಲಿರುವ ಹಲ್ಲು ನನ್ನ ಮಗಳು ಮಾಡಿದ್ದು. ಸಂಜೆ ಮಗಳು ಬಂದು ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತರೆ, ಕಾಜದಕ್ಕ ಗುಂಡಿ ಬಿಟ್ಟು ಅವಳ ಕತ್ತು ತಿಕ್ಕುತ್ತಿದ್ದಳು. ನಾನು ಮಾತ್ರ ಮಷೀನು ತುಳಿಯುತ್ತಲೇ ಇರುತ್ತಿದ್ದೆ.

ಮಗಳಿಗೆ ಮದುವೆಯಾಗಲಿಲ್ಲ. ಒಂದೆರಡು ಕಡೆ ಮಾತಾಯಿತು, ಮುರಿಯಿತು, ಆಮೇಲೆ ಅವಳೇ ಸಾಕೆಂದು, ಕೆಲಸದ ಹತ್ತಿರ ಬೇರೆ ಮನೆ ಮಾಡಿಕೊಂಡಳು. ಮಗು ಬರಲಿಲ್ಲ. ಬಾರದ ಮಗುವಿನ ಹಾಲಿಗೋಸ್ಕರ ನಾನು ನನ್ನ ಮಗುವಿನ ಬೆನ್ನ ಮೇಲೆ ಹದಿನಾರು ವರ್ಷ ಹೊರೆ ಹೊರಿಸಿದೆ.

ಮೂರನೆಯ ಸಲ ಅವಳು ಕೇಳಲಿಲ್ಲ, ಹೇಳಿದಳು. ಆಗ ಅವಳಿಗೆ ಮೂವತ್ತೈದು. ಅಂಗಡಿಯ ಬಾಗಿಲಲ್ಲಿ ನಿಂತು, ಬರುವ ಮಂಗಳವಾರ ಆಪರೇಷನ್, ಚಿಕ್ಕಮ್ಮ ಜೊತೆಗಿರುತ್ತಾಳೆ ಎಂದಳು. ಚಿಕ್ಕಮ್ಮ ಎಂದರೆ ನನ್ನ ತಂಗಿ, ನರ್ಸು. ಇಬ್ಬರೂ ಸೇರಿ ನನಗೆ ತಿಳಿಯದ ಹಾಗೆ ಎಲ್ಲ ನಿಕ್ಕಿ ಮಾಡಿಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು. ಹೋಗು, ನಿನಗೆ ಇಷ್ಟ ಬಂದ ಹಾಗೆ ಮಾಡಿಕೋ, ನನ್ನನ್ನು ಮಾತ್ರ ಕರೆಯಬೇಡ ಎಂದೆ. ಅವಳು ಕರೆಯಲಿಲ್ಲ.

ಮಂಗಳವಾರ ಎಂದಿನಂತೆ ಅಂಗಡಿ ತೆರೆದೆ. ಮೂಗಿನ ಮೇಲೆ ಸಿಟ್ಟಿದ್ದವಳು ಹೊಲಿದದ್ದೇನು? ಎರಡು ಎಡದ ತೋಳು. ಒಂದೇ ಅಂಗಿಗೆ. ಕಾಜದಕ್ಕ ಅದನ್ನೆತ್ತಿ ನನ್ನ ಮುಖಕ್ಕೆ ಹಿಡಿದು, ಇದನ್ನ ಹಾಕ್ಕೊಳ್ಳೋಕೆ ಗಿರಾಕಿ ಎಡಗೈ ಇನ್ನೊಂದು ತರಿಸಬೇಕು, ಎದ್ದು ಆಸ್ಪತ್ರೆಗೆ ಹೋಗು ಎಂದಳು. ನಾನು ಹೋಗಲಿಲ್ಲ. ಸಂಜೆ ತಂಗಿ ಫೋನು ಮಾಡಿ, ಚೆನ್ನಾಗಿ ಆಯಿತು, ಎಚ್ಚರವಾಗಿದ್ದಾಳೆ, ಎರಡೂ ಕಡೆ ಸೇರಿ ಒಂದೂಮುಕ್ಕಾಲು ಕಿಲೋ ತೆಗೆದರಂತೆ ಎಂದಳು. ಮಷೀನಿನ ಪಕ್ಕದಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ನೋಡಿದೆ. ಅದು ಹೆಚ್ಚೂಕಡಿಮೆ ಅಷ್ಟೇ ಭಾರ. ಇಸ್ತ್ರಿ ಮಾಡುವಾಗ ನಾನು ಹತ್ತು ನಿಮಿಷಕ್ಕೊಮ್ಮೆ ಅದನ್ನು ಕೆಳಗಿಡುತ್ತೇನೆ.

ನಾಲ್ಕು ತಿಂಗಳಾದ ಮೇಲೆ ಮಗಳು ಅಂಗಡಿಗೆ ಬಂದಳು. ಅಷ್ಟರಲ್ಲಿ ಎರಡು ಸಲ ನಾನೇ ಅವಳ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದೆ. ಆದರೆ ಆ ವಿಷಯ ಇಬ್ಬರೂ ಎತ್ತಿರಲಿಲ್ಲ. ಚಳಿಯೆಂದು ಅವಳು ದೊಡ್ಡ ಶಾಲು ಹೊದ್ದು ಕೂತಿದ್ದಳು, ನಾನು ಗೋಡೆ ನೋಡಿಕೊಂಡು ಕೂತಿದ್ದೆ. ಅವತ್ತು ಅಂಗಡಿಗೆ ಬಂದವಳು ಕೈಯಲ್ಲಿ ಹಸಿರು ಹತ್ತಿಯ ಬಟ್ಟೆ ಹಿಡಿದಿದ್ದಳು. ಕತ್ತೆತ್ತಿ ನಿಂತಿದ್ದಳು. ಅವಳ ಎತ್ತರವೇ ಹೆಚ್ಚಿದಂತೆ ಕಂಡಿತು. ಇದರಲ್ಲಿ ಒಂದು ಅಂಗಿ ಹೊಲಿದುಕೊಡು, ನೆರಿಗೆ ಬೇಡ, ನೇರವಾಗಿ ಇರಲಿ ಎಂದಳು. ಹೇಳಿ ಒಂದು ಗಳಿಗೆ ಹಾಗೇ ನಿಂತಳು.

ಆ ಗಳಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು ನಿಂತದ್ದು ಅಳತೆ ಕೊಡಲು. ಟೇಪು ನನ್ನ ಕೊರಳಲ್ಲೇ ಇತ್ತು. ನಾನು ಬಟ್ಟೆ ತೆಗೆದುಕೊಂಡು ಮೇಜಿನ ಮೇಲಿಟ್ಟು, ಶನಿವಾರ ಬಾ ಎಂದೆ.

ಅವಳು ಹೋದ ಮೇಲೆ ಗುಂಡುಸೂಜಿಯ ಮೊಳೆಯಿಂದ ಕಾಗದ ಇಳಿಸಿದೆ, ಬಟ್ಟೆಯ ಮೇಲೆ ಹರಡಿದೆ, ಗುರುತು ಹಾಕಿದೆ, ಕತ್ತರಿಸಿದೆ. ಹಳೇ ಅಳತೆಗೆ. ನೆರಿಗೆ ಬೇಡ ಎಂದದ್ದು ನೆನಪಿತ್ತು, ನೆರಿಗೆ ಬಿಡಲಿಲ್ಲ. ಮೈ ಬೇರೆಯಾಗಿದೆ ಎಂಬುದು ಮಾತ್ರ ಕೈಗೆ ಹೋಗಲಿಲ್ಲ. ಕಾಜದಕ್ಕ ಆಮೇಲೆ ಎಷ್ಟೋ ಸಲ ಕೇಳಿದ್ದಾಳೆ, ಬೇಕೆಂದೇ ಮಾಡಿದೆಯಾ ಎಂದು. ಹೊಸ ಅಳತೆ ಬಾರದೆ ಹಳೇ ಕಾಗದ ಬಿಡಬಾರದೆಂಬ ಕಟ್ಟಳೆ, ಇಪ್ಪತ್ತೆರಡು ವರ್ಷದ ರೂಢಿ ಎಂದೆಲ್ಲ ನಾನು ಹೇಳಬಲ್ಲೆ. ನಿಜ ಹೇಳಬೇಕೆಂದರೆ ನನಗೇ ಗೊತ್ತಿಲ್ಲ. ಅಳತೆ ತೆಗೆದರೆ ಒಪ್ಪಿಕೊಂಡ ಹಾಗೆ ಎಂದು ಎಲ್ಲೋ ಒಳಗೆ ಹಟ ಕೂತಿತ್ತೇನೋ.

ಶನಿವಾರ ಅವಳು ಪರದೆಯ ಹಿಂದೆ ಹೋಗಿ ಅಂಗಿ ತೊಟ್ಟಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅಂಗಿಯ ಎದೆಯ ಮೇಲೆ ಎರಡು ಖಾಲಿ ಚೀಲಗಳು ಜೋತುಬಿದ್ದಿದ್ದವು. ಅವಳು ಕನ್ನಡಿ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಅಮ್ಮಾ, ಇದು ಯಾರ ಅಂಗಿ?" ಎಂದಳು.

ಬಿಚ್ಚು, ಸರಿ ಮಾಡಿಕೊಡುತ್ತೇನೆ ಎನ್ನುವಷ್ಟರಲ್ಲಿ ಅವಳು ಪರದೆಯ ಹಿಂದಿದ್ದಳು. ಅಂಗಿಯನ್ನು ನೀಟಾಗಿ ಮಡಚಿ, ಗುಂಡಿ ಹಾಕಿ, ಮೇಜಿನ ಮೇಲಿಟ್ಟು ಹೋದಳು. ಸಿಟ್ಟಿನಿಂದ ಬಿಸಾಡಿ ಹೋಗಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಮಡಚಿಟ್ಟದ್ದಕ್ಕೆ ಏನು ಮಾಡುವುದು?

ಆಮೇಲೆ ಎಂಟು ತಿಂಗಳು ಅವಳು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಫೋನಿಗೆ ಸಿಗುತ್ತಿದ್ದಳು, ಊಟ ಆಯ್ತಾ, ಆಯ್ತು, ಇಷ್ಟೇ. ಅವಳು ನಗುತ್ತಿರುತ್ತಾಳೆ, ಬೆಳಿಗ್ಗೆ ಕೆರೆಯ ಸುತ್ತ ನಡೆಯಲು ಹೋಗುತ್ತಾಳೆ ಎಂದು ತಂಗಿಯಿಂದ ಕೇಳಿ ತಿಳಿದೆ. ನನ್ನ ಮಗಳ ನಗುವಿನ ಸುದ್ದಿ ನನಗೆ ಇನ್ನೊಬ್ಬರ ಬಾಯಿಂದ ಬರಬೇಕಾಯಿತು. ಆ ತಿಂಗಳುಗಳಲ್ಲಿ ನಾನು ಒಂದು ಹೊಸ ಕಂದು ಹಾಳೆ ತಂದು, ಮೂಲೆಯಲ್ಲಿ ಗುಂಡುಸೂಜಿ ಬರೆದು ಸುತ್ತಿಟ್ಟುಕೊಂಡೆ. ಅವಳು ಇನ್ನೊಮ್ಮೆ ಬಂದು ನನ್ನ ಟೇಪಿನ ಮುಂದೆ ನಿಲ್ಲಬೇಕು. ಅಳತೆ ತೆಗೆದು, ಅವಳ ಎದುರಿಗೇ ಹಳೆಯದನ್ನು ಹರಿಯಬೇಕು. ತಪ್ಪಾಯಿತು ಎನ್ನಲು ನನಗೆ ಬರುವುದಿಲ್ಲ, ಹರಿದರೆ ಅವಳಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಬೇರೇನೂ ಬೇಕಿರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆ ಎತ್ತುತ್ತಿದ್ದೆ. ಕಾಜದಕ್ಕ ನನ್ನನ್ನು ನೋಡಿ, ನಿನ್ನ ಮಗಳು ಕೊಟ್ಟ ಹಲ್ಲಿನಲ್ಲೇ ನಿನ್ನನ್ನ ಬೈತೀನಿ ಕೇಳು ಎಂದು ಶುರುಮಾಡುತ್ತಿದ್ದಳು. ಹೋಗಿ ಕಾಲು ಹಿಡಿ ಎಂದಳು. ಹಿಡಿಯಲಿಲ್ಲ. ನನ್ನ ಬೆನ್ನು ಅಷ್ಟು ಸುಲಭಕ್ಕೆ ಬಾಗುವುದಲ್ಲ.

ಒಂದು ದಿನ ಆಸ್ಪತ್ರೆಯಿಂದ ಅವಳ ಹೆಸರಿಗೆ ಲಕೋಟೆ ಬಂತು, ನನ್ನ ಅಂಗಡಿಯ ವಿಳಾಸಕ್ಕೆ. ಶಾಲೆಗೆ ಸೇರಿದಂದಿನಿಂದ ವಿಳಾಸ ಕೇಳಿದಲ್ಲೆಲ್ಲ ಅವಳು ಕೊಡುತ್ತಿದ್ದದ್ದು ಅದನ್ನೇ. ಆಸ್ಪತ್ರೆಯಲ್ಲೂ ಅದನ್ನೇ ಕೊಟ್ಟಿದ್ದಳು, ನಾನು ಹೆಜ್ಜೆ ಇಡದ ಆಸ್ಪತ್ರೆಯಲ್ಲಿ. ಫೋನು ಮಾಡಿ ಹೇಳಿದೆ. ಒಂದು ವರ್ಷವಾದ ಮೇಲೆ ತುಂಬಿ ಕಳಿಸುವ ಫಾರಂ ಅದು, ಇವತ್ತೇ ಕೊನೇ ದಿನ, ಊಟದ ಬಿಡುವಿನಲ್ಲಿ ಬರುತ್ತೇನೆ ಎಂದಳು.

ಬಂದಳು. ನೀಲಿ ಅಂಗಿ ತೊಟ್ಟಿದ್ದಳು. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು, ಕಾದ ಮೇಣ ಬಿದ್ದಿತ್ತಂತೆ. ಪೆನ್ನು ಹಿಡಿಯಲಾಗದು, ಅಕ್ಕಾ, ನೀನು ಬರೆದುಕೊಡು ಎಂದು ಕಾಜದಕ್ಕನನ್ನು ಕೇಳಿದಳು. ಕಾಜದಕ್ಕ ಕನ್ನಡಕ ಹಾಕಿಕೊಂಡೇ, ನನ್ನ ಕನ್ನಡಕ ಮನೇಲಿದೆ ಎಂದು ಎದ್ದು, ಟೀ ತರುವ ನೆವದಲ್ಲಿ ಹೊರಟುಹೋದಳು. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಪೆನ್ನು ನಾನು ತೆಗೆದುಕೊಂಡೆ.

ಒಂದರಿಂದ ಐದರ ತನಕ ಅಂಕ ಕೊಡಬೇಕಿತ್ತು. ಸ್ವಲ್ಪವೂ ತೃಪ್ತಿಯಿಲ್ಲ ಎಂದರೆ ಒಂದು, ಪೂರ್ತಿ ತೃಪ್ತಿ ಎಂದರೆ ಐದು. ನಾನು ಓದಬೇಕು, ಅವಳು ಅಂಕ ಹೇಳಬೇಕು. ಮೊದಲನೇ ಪ್ರಶ್ನೆಗೇ ತಡವರಿಸಿದೆ. ಬಟ್ಟೆಯಿಲ್ಲದೆ ಕನ್ನಡಿಯಲ್ಲಿ ನೋಡಿಕೊಂಡಾಗ ನಿಮ್ಮ ಸ್ತನಗಳ ಆಕಾರ ನಿಮಗೆ ತೃಪ್ತಿ ತಂದಿದೆಯೇ ಎಂದಿತ್ತು. ಅಂಗಡಿಯಲ್ಲಿ ನಾನು ಆ ಪದ ಆಡುವವಳಲ್ಲ. ಮೂವತ್ತಾರು ಎನ್ನುತ್ತೇನೆ, ನಲವತ್ತೆರಡು ಎನ್ನುತ್ತೇನೆ, ಮುಂಭಾಗ ಎನ್ನುತ್ತೇನೆ. ಮಗಳ ಮುಂದೆ ಆ ಪದ ಆಡಿದ್ದು ಅವತ್ತೇ ಮೊದಲು.

"ಐದು," ಎಂದಳು ಅವಳು, ನಾಚಿಕೆಯಿಲ್ಲದೆ.

ಕತ್ತು ನೋವು, ಐದು. ಬೆನ್ನು, ಐದು. ಬೇಸಿಗೆಯಲ್ಲಿ ಎದೆಯ ಕೆಳಗೆ ಏಳುತ್ತಿದ್ದ ಗುಳ್ಳೆ, ಐದು. ಪ್ರತಿ ಬೇಸಿಗೆಯಲ್ಲೂ ಚರ್ಮ ಸುಲಿದು ರಸಿಗೆ ಬರುತ್ತಿತ್ತೆಂದು ಹೇಳಿದಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ. ಹೊಲಿಗೆಯ ಗುರುತುಗಳಿಗೆ ನಾಲ್ಕು ಕೊಟ್ಟು, ಡಾಕ್ಟರ ಕೈ ಹೊಲಿಗೆ ನಿನ್ನಷ್ಟು ಸಣ್ಣದಲ್ಲ ಎಂದು ನಕ್ಕಳು. ಒಂದು ಕಡೆ ಸ್ವಲ್ಪ ಮರಗಟ್ಟಿದಂತಿದೆಯೆಂದು ಸ್ಪರ್ಶಕ್ಕೆ ಮೂರು. ನಿದ್ದೆಯ ಪ್ರಶ್ನೆಗೆ ಬಂದಾಗ, ಐದರ ಮೇಲೆ ಇಲ್ವಾ ಎಂದಳು. ಎಚ್ಚರವಾದಾಗ ಒಂದು ದಿನ ಬೋರಲು ಮಲಗಿದ್ದಳಂತೆ. ಹಾಗೆ ಮಲಗುವುದು ಹೇಗಿರುತ್ತದೆಂದು ಮರೆತೇ ಹೋಗಿತ್ತಂತೆ.

ಬಟ್ಟೆ ತೊಡುವುದರ ಬಗ್ಗೆ ಒಂದು ಪ್ರಶ್ನೆಯಿತ್ತು. ಅದನ್ನೋದುವಾಗ ನನ್ನ ದನಿ ಸಣ್ಣದಾಯಿತು. ಅವಳು ತೊಟ್ಟಿದ್ದ ನೀಲಿ ಅಂಗಿಯನ್ನು ಎರಡು ಬೆರಳಿನಿಂದ ಎಳೆದು ತೋರಿಸಿದಳು.

"ಸುಮ್ನೆ ರೆಡಿಮೇಡ್ ಅಂಗಡಿಗೆ ಹೋದೆ ಅಮ್ಮಾ. ಸಾಲಲ್ಲಿ ನೇತಾಕಿದ್ರಲ್ಲ, ಕೈಗೆ ಸಿಕ್ಕಿದ್ದು ತಗೊಂಡು ಹಾಕ್ಕೊಂಡೆ. ಹಿಡಿಸ್ತು. ಹೊರಗೆ ಬಂದು ಫುಟ್‌ಪಾತ್ ಮೇಲೆ ನಿಂತು ಅತ್ತೆ," ಎಂದಳು.

ನನ್ನ ಕಣ್ಣು ಸುಮ್ಮನಿರಲಿಲ್ಲ. ಕಾಲರಿನ ತುದಿಯಲ್ಲಿ ದಾರ ಬಿಟ್ಟಿತ್ತು, ಬದಿಯ ಹೊಲಿಗೆ ಇಂಚಿಗೆ ಎಂಟೂ ಇರಲಿಲ್ಲ, ಗುಂಡಿ ಒಂದು ಕೂದಲೆಳೆಯಷ್ಟು ಓರೆ. ಎಲ್ಲ ಬಾಯಿಯ ತುದಿಗೆ ಬಂತು. ಯಾರಿಗೋ ಹೊಲಿದ ಆ ಕಳಪೆ ಅಂಗಿ ಅವಳಿಗೆ ಒಪ್ಪಿ ಕೂತಿತ್ತು. ನಾನು ಮುತುವರ್ಜಿಯಿಂದ ಹೊಲಿದ ಒಂದೂ ಹಾಗೆ ಕೂತಿರಲಿಲ್ಲ. ಐದು ಎಂದು ಬರೆದೆ.

ಮುಂದಿನದು ಭುಜದ ಮೇಲೆ ಪಟ್ಟಿಯಿಂದಾದ ಗುರುತು. ಎರಡು ಎಂದಳು. ಹೆಚ್ಚಿನದಕ್ಕೆಲ್ಲ ಐದು ಕೊಟ್ಟವಳು ಇದಕ್ಕೆ ಯಾಕೆ ಎರಡು ಎಂದು ಕೇಳಿಬಿಟ್ಟೆ. ಅವಳು ಮೇಲಿನ ಗುಂಡಿ ಬಿಚ್ಚಿ ಕಾಲರು ಸರಿಸಿದಳು. ಎರಡೂ ಭುಜಗಳ ಮೇಲೆ ಗಾಡಿಯ ಚಕ್ರ ಹರಿದ ಹಾದಿಯಂಥ ತಗ್ಗು. ಚರ್ಮ ಕಪ್ಪಾಗಿ ಹೊಳೆಯುತ್ತಿತ್ತು. ಒಳಗಿನ ಮಾಂಸವೇ ಕರಗಿದೆ, ಇದು ಇನ್ನು ತುಂಬುವುದಿಲ್ಲವೆಂದು ಡಾಕ್ಟರು ಹೇಳಿದರಂತೆ.

ನನಗೆ ಟೇಪು ಬೇಕಿರಲಿಲ್ಲ. ಅರ್ಧ ಇಂಚು. ನಲವತ್ತೊಂದು ವರ್ಷ ಹೊಲಿದವಳಿಗೆ ತನ್ನ ಕೈಯ ಅಳತೆ ಗೊತ್ತಾಗುತ್ತದೆ. ನನ್ನ ಭುಜದಲ್ಲೂ ಅಂಥದೇ ಇದೆ, ಇದರ ಕಾಲು ಭಾಗ. ಹೆಂಗಸರ ಭುಜವೇ ಹಾಗೆಂದುಕೊಂಡಿದ್ದೆ ಎಂದು ಹೇಳಿ ಪಾರಾಗಬಹುದು. ಸಾವಿರಾರು ಭುಜಗಳ ಮೇಲೆ ಟೇಪು ಹಿಡಿದವಳು ಆ ಮಾತು ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆ. ನನಗೆ ಗೊತ್ತಿತ್ತು. ಎಲ್ಲ ಭುಜಗಳೂ ಹೀಗಿರುವುದಿಲ್ಲ ಎಂದು ಗೊತ್ತಿತ್ತು. ಎರಡು ಎಂದು ಬರೆದೆ. ಅವಳು ಗುಂಡಿ ಹಾಕಿಕೊಂಡಳು.

ಕೊನೆಯ ಪ್ರಶ್ನೆಗೆ ಅಂಕ ಇರಲಿಲ್ಲ, ಮೂರು ಗೆರೆ ಖಾಲಿ ಬಿಟ್ಟಿದ್ದರು. ಈ ಶಸ್ತ್ರಚಿಕಿತ್ಸೆ ಬೇಕೆಂದು ಮೊದಲು ಅನ್ನಿಸಿದಾಗ ನಿಮ್ಮ ವಯಸ್ಸೆಷ್ಟು, ತಡವಾಗಿದ್ದರೆ ಕಾರಣವೇನು, ನಿಮ್ಮ ಮಾತಿನಲ್ಲಿ ಬರೆಯಿರಿ ಎಂದಿತ್ತು. ಓದಿ ಮುಗಿಸಿ ನಾನು ತಲೆ ಎತ್ತಲಿಲ್ಲ.

ಹತ್ತೊಂಬತ್ತು ಎಂದಳು. ಬರೆದೆ. ಹೊರಗೆ ಬೀದಿಯ ತಿರುವಿನಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದರು. ಅವಳು ನನ್ನ ಮುಖ ನೋಡುತ್ತಿದ್ದಾಳೆ ಎಂದು ನೋಡದೆಯೇ ತಿಳಿಯುತ್ತಿತ್ತು.

"ಭಯ ಇತ್ತು ಅಂತ ಬರಿ," ಎಂದಳು. "ಆಪರೇಷನ್ ಅಂದ್ರೆ ಭಯ. ಅದಕ್ಕೇ ತಡ ಆಯ್ತು."

ಅವಳಿಗೆ ಭಯವಿರಲಿಲ್ಲ. ಮೇಜಿನ ಆಚೆ ಬದಿಗೆ ನಿಂತು ಕೇಳಿದವಳಿಗೆ ಭಯವಿರಲಿಲ್ಲ. ಈ ಮೇಜೇ ಅದು, ಕಾಲರು ಸುಡದಂತೆ ನೋಡಿಕೊಂಡು ನಾನು ನಿಂತಿದ್ದ ಜಾಗವೂ ಇದೇ. ಇಷ್ಟು ವರ್ಷ ನಾನು ಅವಳಿಗೆ ಮಾಡಿದ್ದನ್ನು ಅವಳು ಈಗ ನನಗೆ ಮಾಡುತ್ತಿದ್ದಳು. ನೆರಿಗೆ ಬಿಟ್ಟು ಮುಚ್ಚುತ್ತಿದ್ದಳು, ಬೀದಿಗೆ ಗೊತ್ತಾಗದ ಹಾಗೆ. ನನ್ನ ಮಗಳಿಗೆ ನಾನು ಕಲಿಸಿದ ಹೊಲಿಗೆ ಇದೊಂದೇ.

ಗೆರೆಯ ಮೇಲೆ ನಿಧಾನವಾಗಿ ಬರೆದೆ. ಅಮ್ಮ ಬಿಡಲಿಲ್ಲ. ಎರಡೇ ಮಾತು. ಮಿಕ್ಕ ಜಾಗ ಖಾಲಿ ಬಿಟ್ಟೆ.

ಸಹಿ ನೀನೇ ಮಾಡಬೇಕಂತೆ ಎಂದು ಫಾರಮನ್ನು ಅವಳ ಕಡೆ ತಿರುಗಿಸಿ, ಪೆನ್ನು ಕೊಟ್ಟೆ. ಬ್ಯಾಂಡೇಜಿನ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ಬಗ್ಗಿದಳು. ಸಹಿಯ ಜಾಗ ಆ ಗೆರೆಗಳ ಕೆಳಗೇ ಇತ್ತು. ಅವಳು ಓದಿದಳು. ಪೆನ್ನು ನಿಂತಿತು. ಅವಳು ಅದನ್ನು ಹೊಡೆದುಹಾಕುತ್ತಾಳೆ ಎಂದು ಕಾದೆ. ಹೊಡೆದುಹಾಕಲಿ ಎಂದು ಕಾದೆ. ಹೀಗೆಲ್ಲ ಬರೀಬಾರದು ಅಮ್ಮಾ ಎನ್ನಲಿ, ನಾನು ಇಲ್ಲ ಇದೇ ನಿಜ ಎನ್ನುತ್ತೇನೆ, ಇಬ್ಬರೂ ಅಳುತ್ತೇವೆ, ಎಲ್ಲ ಮುಗಿಯುತ್ತದೆ.

ಅವಳು ಹೊಡೆದುಹಾಕಲಿಲ್ಲ. ಒಂದೊಂದೇ ಅಕ್ಷರ ಸೊಟ್ಟಸೊಟ್ಟಗೆ ಕೂರಿಸಿ ಅದರ ಕೆಳಗೆ ಸಹಿ ಮಾಡಿದಳು. ಫಾರಂ ಮಡಚಿ ಲಕೋಟೆಗೆ ಹಾಕಿ, ಅಂಟನ್ನು ನಾಲಿಗೆಯಿಂದ ಸವರಿ ಮುಚ್ಚಿದಳು.

ಆಗ ನಾನು ಕೇಳಿದೆ. ಎಂಟು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ ಮಾತು.

"ಅಳತೆ ತಗೊಳ್ಳಲಾ?"

ಅವಳು ನನ್ನ ಕೊರಳಲ್ಲಿದ್ದ ಟೇಪನ್ನು ನೋಡಿದಳು. ಮುಖದಲ್ಲಿ ಸಿಟ್ಟಿನ ಸುಳಿವು ಎಳ್ಳಷ್ಟೂ ಇರಲಿಲ್ಲ. ಕನಿಕರ ಇತ್ತು.

"ಬೇಡಮ್ಮಾ. ಈಗ ಅಂಗಡೀದೇ ಹಿಡಿಸುತ್ತಲ್ಲ," ಎಂದಳು.

ಹೇಳಿ ನನ್ನ ಮುಂಗೈಯನ್ನು ಒಮ್ಮೆ ಒತ್ತಿದಳು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಅಂಚೆಯ ಗಾಡಿ ಬಂದು ಡಬ್ಬಿಯ ಪಕ್ಕ ನಿಂತಿತು. ಅಯ್ಯೋ ತಪ್ಪಿಹೋಗುತ್ತೆ ಎಂದವಳೇ ಲಕೋಟೆ ಹಿಡಿದು ಬಾಗಿಲು ದಾಟಿದಳು. ದಾಟಿ ಓಡಿದಳು. ನಾನು ಬಾಗಿಲಿಗೆ ಬಂದೆ. ಎದೆಗೆ ಕೈ ಅಡ್ಡ ಹಿಡಿಯದೆ, ಬೆನ್ನು ಬಗ್ಗಿಸದೆ, ಹದಿಮೂರು ವರ್ಷದ ಕೆಳಗೆ ನಿಲ್ಲಿಸಿದ್ದನ್ನು ನಿನ್ನೆ ನಿಲ್ಲಿಸಿದ ಹಾಗೆ, ಅಂಗಡಿಗಳ ಮುಂದೆ, ಜನರ ನಡುವೆ ಓಡಿದಳು. ಹದಿಮೂರಲ್ಲ. ಹದಿಮೂರು ಅವಳ ವಯಸ್ಸು, ಕಳೆದದ್ದು ಇಪ್ಪತ್ತಮೂರು. ಲೆಕ್ಕವೂ ಕೈಕೊಟ್ಟಿತ್ತು ನನಗೆ. ಯಾರೂ ಅವಳನ್ನು ತಿರುಗಿ ನೋಡಲಿಲ್ಲ. ನಾನು ಎಲ್ಲರ ಮುಖ ನೋಡಿದೆ, ಒಬ್ಬರೂ ನೋಡಲಿಲ್ಲ.

ಅಂಚೆಯವನು ಡಬ್ಬಿಗೆ ಬೀಗ ಹಾಕುವ ಮುಂಚೆ ಅವಳು ತಲುಪಿದಳು. ಲಕೋಟೆ ಅವನ ಕೈಗೇ ಕೊಟ್ಟಳು. ಅಲ್ಲಿಂದಲೇ ನನ್ನ ಕಡೆ ಕೈ ಬೀಸಿ, ಕೆಲಸಕ್ಕೆ ಹೊತ್ತಾಯಿತೆಂದು ಆ ಕಡೆಯಿಂದಲೇ ಹೋದಳು.

ಕಾಜದಕ್ಕ ಮೂರು ಲೋಟ ಟೀ ಹಿಡಿದು ಬಂದಳು. ಮೂರನೆಯದನ್ನು ಎಲ್ಲಿಡುವುದೆಂದು ತಿಳಿಯದೆ ಮೇಜಿನ ತುದಿಯಲ್ಲಿಟ್ಟಳು. ಅಳತೆ ಕೊಟ್ಟಳಾ ಎಂದು ಕೇಳಿದಳು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಅವತ್ತು ನನ್ನನ್ನು ಬೈಯಲಿಲ್ಲ.

ಈಗ ಅವಳು ಭಾನುವಾರ ಭಾನುವಾರ ಬರುತ್ತಾಳೆ. ಹೊಸ ಹೊಸ ಅಂಗಿ ತೊಟ್ಟು ಬರುತ್ತಾಳೆ, ಎಲ್ಲ ಅಂಗಡಿಯವು. ದಾರ ಬಿಟ್ಟಿದ್ದರೆ ಮಾತಾಡದೆ ಸೂಜಿ ತೆಗೆದು ಹಾಕಿಕೊಡುತ್ತೇನೆ. ಅಷ್ಟಕ್ಕೆ ಒಪ್ಪುತ್ತಾಳೆ. ಸುತ್ತಿಟ್ಟ ಹೊಸ ಹಾಳೆ ಕಪಾಟಿನ ಮೇಲೆ ಹಾಗೇ ಇದೆ. ಹಳೇ ಕಾಗದ ಮೊಳೆಯಲ್ಲಿದೆ. ಅದರ ಮೂಲೆ ಮಡಚಿದೆ, ಗುಂಡುಸೂಜಿಯ ಚಿತ್ರ ಮಾಸಿದೆ. ಕಿತ್ತು ಹರಿದುಹಾಕು ಎಂದು ಕಾಜದಕ್ಕ ಹೇಳುತ್ತಲೇ ಇದ್ದಾಳೆ. ಹೊಸ ಅಳತೆ ತೆಗೆಯದೆ ಹಳೆಯದನ್ನು ಹರಿಯುವಂತಿಲ್ಲ.